ಮುತ್ತಿನೋಲೆ ಹುಡುಗಿಯ ಪೋಸ್ಟ್‌ಕಾರ್ಡ್: ಆರು ವರ್ಷ ಬಳಸಿದ ಮೇಲೆ

ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನೋಲೆ ಹುಡುಗಿ’ ಚಿತ್ರದ ಒಂದು ಪೋಸ್ಟ್‌ಕಾರ್ಡು ಆರು ವರ್ಷದಿಂದ ನನ್ನ ಮೇಜಿನ ಎದುರಿನ ಗೋಡೆ ಮೇಲಿದೆ. ಅದೇ ಕಟ್ಟಿನ ಇನ್ನೊಂದು ಕಾರ್ಡು ಡಬ್ಬಿಯೊಳಗೆ ಕತ್ತಲಲ್ಲಿ ಬಿದ್ದಿತ್ತು. ಮೊನ್ನೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಕ್ಕ ತಂಗಿ ಅನ್ನಬಹುದು, ಒಬ್ಬಳೇ ಅಂತ ಹೇಳುವ ಹಾಗಿಲ್ಲ. ಅದಕ್ಕೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ಎರಡು ಕಟ್ಟು ಕೊಂಡಿದ್ದೇನೆ, ಬೇರೆ ಬೇರೆ ಪ್ರಕಾಶಕರದ್ದು. ವರ್ಮೀರ್ ತೀರಿಕೊಂಡದ್ದು 1675ರಲ್ಲಿ. ಚಿತ್ರಕ್ಕೆ ಹಕ್ಕುಸ್ವಾಮ್ಯದ ತಂಟೆ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಗಾಗಿ ಒಂದೇ ಚಿತ್ರ ಅಂತ ಕಣ್ಣುಮುಚ್ಚಿ ಕೊಂಡರೆ ಏನು ಕೈಗೆ ಬರುತ್ತದೋ ಹೇಳಲಾಗದು.

ಮೊದಲನೇ ಕಟ್ಟು ಗ್ಲಾಸಿ, ಅಂದರೆ ಹೊಳಪಿನದ್ದು. ಬಿಚ್ಚಿದ ದಿನ ತುಂಬಾ ಖುಷಿಯಾಗಿತ್ತು. ಹಿನ್ನೆಲೆ ಕಾಡಿಗೆ ಥರ ಕಪ್ಪು, ಮುಖ ಹೊಳೆಯುತ್ತಿತ್ತು. ಏನೋ ಕಡಿಮೆಯಾಗಿದೆ ಅಂತ ಅನ್ನಿಸಲು ಎರಡು ವಾರ ಬೇಕಾಯಿತು. ಆಮೇಲೆ ಲೆಕ್ಕ ಹಾಕಿದೆ. ಮೂಲ ಚಿತ್ರ 44.5 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲ. ಹೆಚ್ಚು ಕಡಿಮೆ ಚೌಕ. ಕಾರ್ಡು 14.8ಕ್ಕೆ 10.5, ಅಂದರೆ ಉದ್ದುದ್ದ. ಅಂಚಿನ ತನಕ ಚಿತ್ರ ತುಂಬಿಸಬೇಕೆಂದರೆ ಅಗಲದಲ್ಲಿ ಐದನೇ ಒಂದು ಭಾಗ ಕತ್ತರಿಸಲೇಬೇಕು. ಅವಳ ಸುತ್ತ ಇರುವ ಕತ್ತಲೆ ಸುಮ್ನೆ ಖಾಲಿ ಜಾಗ ಅಂತ ಅಂದುಕೊಂಡು ಎರಡೂ ಕಡೆ ಕತ್ತರಿಸಿದ್ದಾರೆ. ಆ ಕತ್ತಲೆ ಇದ್ದರೇ ಅಲ್ವಾ ಅವಳು ಈಗಷ್ಟೇ ತಿರುಗಿ ನೋಡಿದ ಹಾಗೆ ಕಾಣೋದು? ಈ ಕಾರ್ಡಿನಲ್ಲಿ ಅವಳು ಬಾಗಿಲ ಸಂದಿಯಲ್ಲಿ ಸಿಕ್ಕಿಹಾಕಿಕೊಂಡ ಹಾಗಿದ್ದಾಳೆ. ಎಡಗಡೆ ಮೇಲಿನ ಮೂಲೆಯಲ್ಲಿದ್ದ ವರ್ಮೀರ್‌ನ ಸಹಿಯೂ ಹೋಗಿದೆ.

ಮುತ್ತಿನ ವಿಷಯ ಇನ್ನೂ ಬೇಜಾರಿನದ್ದು. ವರ್ಮೀರ್ ಆ ಮುತ್ತಿಗೆ ಗೆರೆಯನ್ನೇ ಎಳೆದಿಲ್ಲ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮೇಲೆ ಒಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಅಂಗಿಯ ಬಿಳಿ ಕಾಲರಿನ ಮಸುಕು ಪ್ರತಿಫಲನ, ಇಷ್ಟೇ. ಮುತ್ತನ್ನು ಪೂರ್ತಿ ಮಾಡೋದು ನಮ್ಮ ಕಣ್ಣು. ಮೊದಲನೇ ಕಟ್ಟಿನವರು ಕಂಪ್ಯೂಟರಿನಲ್ಲಿ ಚಿತ್ರವನ್ನು ಜಾಸ್ತಿ ಚೂಪು ಮಾಡಿದ್ದಾರೆ ಅಂತ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಮುತ್ತಿನ ಸುತ್ತ ತೆಳುವಾದ ಗೆರೆ ಕಾಣುತ್ತದೆ. ವರ್ಮೀರ್ ಬಿಡಿಸದೆ ಬಿಟ್ಟದ್ದನ್ನು ಇವರು ಬಿಡಿಸಿಕೊಟ್ಟಿದ್ದಾರೆ!

ಹಾಳೆ ಒಂದೇ ವರ್ಷದಲ್ಲಿ ಬಿಲ್ಲಿನ ಹಾಗೆ ಬಾಗಿತು. ಮುಂಭಾಗಕ್ಕೆ ಮಾತ್ರ ಪ್ಲಾಸ್ಟಿಕ್ ಪದರ ಇದ್ದರೆ ಹೀಗೇ ಆಗೋದು. ತೇವ ಕುಡಿದು ಹಿಂದಿನ ಕಾಗದ ಹಿಗ್ಗುತ್ತದೆ, ಮುಂದಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ.

ಎರಡನೇ ಕಟ್ಟು ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಕಾಗದ 350 ಜಿಎಸ್‌ಎಂ (ಚದರ ಮೀಟರಿಗೆ 350 ಗ್ರಾಂ ತೂಕ), ಯಾವ ಪದರವೂ ಇಲ್ಲ. ಸುತ್ತಲೂ ಬಿಳಿ ಅಂಚು ಬಿಟ್ಟು ಚಿತ್ರವನ್ನು ಪೂರ್ತಿ ಅಚ್ಚು ಹಾಕಿದ್ದಾರೆ. ಚಿತ್ರ ಸಣ್ಣದಾಗಿದೆ, ಆದರೆ ಹುಡುಗಿಗೆ ಉಸಿರಾಡಲು ಜಾಗ ಇದೆ. ಹಿಂಬದಿಯಲ್ಲಿ ಚಿತ್ರದ ಹೆಸರು, ಸುಮಾರು 1665, ಕ್ಯಾನ್ವಾಸ್ ಮೇಲೆ ತೈಲವರ್ಣ, ಅಳತೆ, ಚಿತ್ರ ಇರುವ ಹೇಗ್‌ನ ಮೌರಿತ್ಸ್‌ಹೌಸ್ ಮ್ಯೂಸಿಯಂ, ಎಲ್ಲಾ ಇದೆ. ಅಳತೆ ಬರೆದದ್ದು ದೊಡ್ಡ ಉಪಕಾರ. ಒಂದು ಮಧ್ಯಾಹ್ನ ಕೆಲಸ ಬಿಟ್ಟು ಕಾರ್ಡುಗಳನ್ನು ಮೇಜಿನ ಮೇಲೆ ಹಾಸಿ ನೋಡಿದೆ. ಮೂರು ಸಾಲು, ಸಾಲಿಗೆ ನಾಲ್ಕು. ಹನ್ನೆರಡು ಕಾರ್ಡು ಸೇರಿದರೆ ಹೆಚ್ಚು ಕಡಿಮೆ ಮೂಲ ಚಿತ್ರದಷ್ಟು ಜಾಗ. ಇಷ್ಟು ಚಿಕ್ಕದಾ ಅನ್ನಿಸಿತು.

ಬಣ್ಣದ ವಿಷಯದಲ್ಲಿ ಇವರನ್ನೂ ಪೂರ್ತಿ ಹೊಗಳಲಾರೆ. ರುಮಾಲಿನ ನೀಲಿಗೆ ವರ್ಮೀರ್ ಬಳಸಿದ್ದು ಲ್ಯಾಪಿಸ್ ಲಾಜುಲಿ ಕಲ್ಲಿನಿಂದ ತೆಗೆದ ಅಲ್ಟ್ರಾಮರೀನ್. ಮಾಮೂಲಿ ನಾಲ್ಕು ಇಂಕಿನ ಅಚ್ಚಿನಲ್ಲಿ ಆ ನೀಲಿ ಸಿಗೋದು ಕಷ್ಟ, ಸ್ವಲ್ಪ ಸಪ್ಪೆ ಬರುತ್ತದೆ. ಇದು ಯಾರ ತಪ್ಪೂ ಅಲ್ಲ. ಕಪ್ಪೇ ನಿಜವಾದ ಪರೀಕ್ಷೆ. ಪದರ ಇಲ್ಲದ ಮ್ಯಾಟ್ ಕಾಗದ ಇಂಕನ್ನು ಹೀರಿಕೊಂಡು ಕಪ್ಪನ್ನು ಬೂದು ಬಣ್ಣ ಮಾಡುತ್ತದೆ. ಮೇಲಾಗಿ ಎಲ್ಲಿ ಉಜ್ಜಿದರೂ ಅಲ್ಲಿ ಗೀರು. ಇಷ್ಟು ಕತ್ತಲೆ ಇರುವ ಚಿತ್ರದಲ್ಲಿ ಒಂದು ಸಣ್ಣ ಗೀರೂ ಎದ್ದು ಕಾಣುತ್ತದೆ. ತಿಳಿ ಬಣ್ಣದ ಹೂವಿನ ಚಿತ್ರವಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದು ಗೊತ್ತಾಗಿದ್ದು ಅಂಚೆಗೆ ಹಾಕಿದ ಮೇಲೆ. ಗೆಳತಿಗೆ ಕಳಿಸಿದ ಕಾರ್ಡು ತಲುಪಿದಾಗ ಅವಳು ಫೋಟೋ ತೆಗೆದು ಕಳಿಸಿದಳು. ಹಣೆಯಿಂದ ಹಿನ್ನೆಲೆಯ ತನಕ ಉದ್ದ ಗೀಟು, ಒಂದು ಮೂಲೆ ಮಡಚಿಕೊಂಡಿತ್ತು. ಅಂದಿನಿಂದ ಕವರಿನೊಳಗೆ ಹಾಕಿ ಕಳಿಸುತ್ತೇನೆ. ‘ಹಾಗಿದ್ರೆ ಪೋಸ್ಟ್‌ಕಾರ್ಡೇ ಯಾಕೆ ಬೇಕು, ಪತ್ರ ಬರಿ’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆಯಲು ಮಾತ್ರ ಈ ಕಾರ್ಡಿನ ಹಿಂಬದಿ ಬಹಳ ಚೆನ್ನ. ಶಾಯಿ ಪೆನ್ನಿನಲ್ಲಿ ಬರೆದರೂ ಹರಡುವುದಿಲ್ಲ.

ಈಗ ಗೋಡೆ ಮೇಲಿನ ಕಾರ್ಡಿನ ಕಥೆ. ಅದು ಮೊದಲನೇ ಕಟ್ಟಿನದು, ಬೆಳಿಗ್ಗೆ ಒಂದು ಗಂಟೆ ಬಿಸಿಲು ನೇರವಾಗಿ ಬೀಳುವ ಜಾಗ. ಅಚ್ಚಿನ ಇಂಕಿನಲ್ಲಿ ಬೇಗ ಸಾಯೋದು ಹಳದಿ ಮತ್ತು ಮಜೆಂಟಾ (ನೇರಳೆಗೆಂಪು). ನೀಲಿ, ಕಪ್ಪು ಗಟ್ಟಿ. ಆರು ವರ್ಷದಲ್ಲಿ ಅವಳ ತುಟಿಯ ಕೆಂಪು ಮಾಸಿದೆ, ಕೆನ್ನೆಗೆ ಜ್ವರ ಬಿಟ್ಟೆದ್ದವರ ಬಣ್ಣ ಬಂದಿದೆ, ಬೆನ್ನ ಹಿಂದೆ ಇಳಿಬಿದ್ದ ಹಳದಿ ಬಟ್ಟೆ ಬೆಳ್ಳಗಾಗಿದೆ. ರುಮಾಲು ಮಾತ್ರ ಹಾಗೇ ಇದೆ. ಡಬ್ಬಿಯಲ್ಲಿದ್ದ ಕಾರ್ಡಿಗೆ ಏನೂ ಆಗಿಲ್ಲ.

ಬಣ್ಣ ಕೆಟ್ಟಿದ್ದಕ್ಕೆ ಪ್ರಕಾಶಕರ ಮೇಲೆ ಸಿಟ್ಟಿಲ್ಲ, ಅಲ್ಲಿ ಅಂಟಿಸಿದ್ದು ನಾನೇ. ಮೂಲ ಚಿತ್ರಕ್ಕೂ ಇಂಥದ್ದೇ ಆಗಿದೆ. 2018ರಲ್ಲಿ ಮೌರಿತ್ಸ್‌ಹೌಸ್‌ನವರು ಅದನ್ನು ತಪಾಸಣೆ ಮಾಡಿದಾಗ ಗೊತ್ತಾಗಿದ್ದು, ಹಿನ್ನೆಲೆ ಮೊದಲು ಬರೀ ಕಪ್ಪಾಗಿರಲಿಲ್ಲ, ಅಲ್ಲಿ ಹಸಿರು ಪರದೆ ಇತ್ತು. ಆ ಹಸಿರಿಗೆ ಬಳಸಿದ ಗಿಡದ ಬಣ್ಣಗಳು ಕಾಲಕ್ರಮೇಣ ಮಾಸಿವೆ. ನಾನು ಕಾಡಿಗೆ ಕಪ್ಪು ಅಂತ ಮೆಚ್ಚಿಕೊಂಡಿದ್ದು ಮಾಸಿದ ಹಸಿರು.

ಮೊದಲನೇ ಕಟ್ಟಿಗೆ ಐದಕ್ಕೆ ಎರಡು. ಎರಡನೆಯದಕ್ಕೆ ನಾಲ್ಕು, ಗೀರಿಗೆ ಒಂದು ಕಳೆದಿದ್ದೇನೆ. ಕೊಳ್ಳುವವರು ಬಿಳಿ ಅಂಚು ಇದೆಯಾ, ಚಿತ್ರ ಪೂರ್ತಿ ಇದೆಯಾ ಅಂತ ಮೊದಲು ನೋಡಿ. ಇಡುವುದಕ್ಕೆ ಪಿವಿಸಿ ಪ್ಲಾಸ್ಟಿಕ್ಕಿನ ಕವರು ಬೇಡ, ಕಾಲ ಕಳೆದಂತೆ ಇಂಕು ಅದಕ್ಕೆ ಅಂಟಿಕೊಳ್ಳಬಹುದು. ಆಮ್ಲರಹಿತ ಕಾಗದದ ಲಕೋಟೆ ಸಾಕು.

ಎರಡನೇ ಕಟ್ಟಿನಲ್ಲಿ ಇನ್ನು ಮೂರು ಕಾರ್ಡು ಉಳಿದಿವೆ. ಒಂದನ್ನು ಗೋಡೆಗೆ ಹಾಕುತ್ತೇನೆ, ಈ ಸಲ ಬಿಸಿಲು ಬೀಳದ ಕಡೆ. ಹಳೆಯದನ್ನು ಎಸೆಯಲು ಮನಸ್ಸು ಬಂದಿಲ್ಲ, ಅದು ಈಗ ಓದುತ್ತಿರುವ ಪುಸ್ತಕದೊಳಗೆ ಪುಟದ ಗುರುತಾಗಿ ಕೂತಿದೆ.