ಬಜೆಟ್ ಸಂಪುಟಗಳ ವಿಮರ್ಶೆ: ಕಾಡಿನ ದುಡ್ಡು, ಪ್ರವಾಸೋದ್ಯಮದ ದುಡ್ಡು ಹುಡುಕುವವರಿಗೆ ಎಷ್ಟು ಉಪಯೋಗ?

2025ರ ಮಾರ್ಚ್ 7ರಂದು ಮಂಡನೆಯಾದ ಕರ್ನಾಟಕದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಕಾಡಿಗೆ ಎಷ್ಟು, ಪ್ರವಾಸೋದ್ಯಮಕ್ಕೆ ಎಷ್ಟು ಎಂದು ಭಾಷಣ ಓದಿ ಹೇಳಲು ಹೊರಟರೆ ಕೈಗೆ ಸಿಗುವುದು ಘೋಷಣೆಗಳು ಮಾತ್ರ. ಉತ್ತರ ಇರುವುದು ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಸಂಪುಟಗಳಲ್ಲಿ. ಈ ವಿಮರ್ಶೆ ಅವುಗಳದ್ದು. ಇಲಾಖಾವಾರು ಲೆಕ್ಕಕ್ಕೆ ಈ ಸಂಪುಟಗಳು ಗಟ್ಟಿ. 'ನಮ್ಮೂರ ಜಲಪಾತಕ್ಕೆ ಎಷ್ಟು ಬಂತು' ಎಂಬ ಪ್ರಶ್ನೆಗೆ ಬಹುತೇಕ ನಿರುಪಯೋಗಿ. ಕಾಡಿನ ವಿಚಾರದಲ್ಲಂತೂ ದುಡ್ಡಿನ ಕೆಲವು ದೊಡ್ಡ ಗಂಟುಗಳು ಇವುಗಳ ಆಚೆಗೇ ಇವೆ.

ಎಲ್ಲ ಕಡತ ಇಳಿಸಿಕೊಳ್ಳುವ ಅಗತ್ಯವಿಲ್ಲ. 'ವೆಚ್ಚದ ವಿವರವಾದ ಅಂದಾಜು'ಗಳಲ್ಲಿ ಬೇಡಿಕೆ ಸಂಖ್ಯೆ 8 (ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ) ಹಾಗೂ ಬೇಡಿಕೆ ಸಂಖ್ಯೆ 12 (ವಾರ್ತೆ, ಪ್ರವಾಸೋದ್ಯಮ ಮತ್ತು ಯುವಜನ ಸೇವೆ) ಇರುವ ಕಡತಗಳು ಸಾಕು. ಬೇಡಿಕೆ ಎಂದರೆ ಇಲಾಖೆಯ ಖರ್ಚಿಗಾಗಿ ಶಾಸನಸಭೆಯ ಮುಂದಿಡುವ ಅನುದಾನದ ಕೋರಿಕೆ. ಒಳಗೆ ಹುಡುಕುವಾಗ ಕನ್ನಡ ಪದ ಟೈಪಿಸಬೇಡಿ. ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಪಿಡಿಎಫ್ ಆಗಿದ್ದರೆ ಯುನಿಕೋಡ್ ಪದ ಅದಕ್ಕೆ ಅರ್ಥವಾಗುವುದಿಲ್ಲ; ಪುಟದಲ್ಲಿ ಕಣ್ಣೆದುರೇ 'ಅರಣ್ಯ' ಎಂದಿದ್ದರೂ 'ಸಿಗಲಿಲ್ಲ' ಎಂದು ಬರುತ್ತದೆ. ಅಂಕಿಯಲ್ಲೇ ಹುಡುಕಿ.

ಆ ಅಂಕಿಗಳು ಇವು: 2406 ಅರಣ್ಯ ಮತ್ತು ವನ್ಯಜೀವಿ, 3435 ಜೀವಿಪರಿಸ್ಥಿತಿ ಮತ್ತು ಪರಿಸರ, 3452 ಪ್ರವಾಸೋದ್ಯಮ. ಇವು ರಾಜಸ್ವ ವೆಚ್ಚದ (ಸಂಬಳ, ನಿರ್ವಹಣೆಯಂಥ ದಿನನಿತ್ಯದ ಖರ್ಚಿನ) ಲೆಕ್ಕಶೀರ್ಷಿಕೆಗಳು, ಅಂದರೆ ಬಾಬ್ತುಗಳಿಗೆ ಕೊಟ್ಟ ಸಂಕೇತಸಂಖ್ಯೆಗಳು. ಮೊದಲ ಅಂಕಿಗೆ ಎರಡು ಕೂಡಿಸಿದರೆ ಬಂಡವಾಳ ವೆಚ್ಚ (4406, 5452), ಎರಡು ಕಳೆದರೆ ಜಮೆ, ಅಂದರೆ ಆದಾಯ (0406, 1452). ಇದೊಂದು ಸೂತ್ರ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಪ್ರವಾಸಿ ತಾಣದ ಕಟ್ಟಡ, ಯಾತ್ರಿನಿವಾಸದಂಥ ಕಾಮಗಾರಿಯ ದುಡ್ಡು 5452ರಲ್ಲಿ ಇರುತ್ತದೆ. ಪ್ರಚಾರ, ಸಂಬಳ, ಮೇಳ ಇತ್ಯಾದಿ 3452ರಲ್ಲಿ. ಎರಡರ ಪ್ರಮಾಣ ಹೋಲಿಸಿದರೆ ಸರ್ಕಾರ ಆ ವರ್ಷ ಕಟ್ಟಲು ಹೊರಟಿದೆಯೋ, ಜಾಹೀರಾತು ಹಾಕಲು ಹೊರಟಿದೆಯೋ ಎಂಬುದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.

ಪೂರ್ತಿ ಲೆಕ್ಕಶೀರ್ಷಿಕೆಗೆ 15 ಅಂಕಿ. ವನ್ಯಜೀವಿಯ ಒಂದು ಸಾಲಿನ ಮೊದಲ ಹತ್ತು ಅಂಕಿ ನೋಡಿ: 2406-02-110-0. ಇದರಲ್ಲಿ 02 ಎಂದರೆ ಪರಿಸರ ಅರಣ್ಯ ಮತ್ತು ವನ್ಯಜೀವಿ, 110 ಎಂದರೆ ವನ್ಯಜೀವಿ ಸಂರಕ್ಷಣೆ. ಆಮೇಲಿನ ಎರಡು ಅಂಕಿ ಯೋಜನೆ, ಕೊನೆಯ ಮೂರು ಅಂಕಿ ಖರ್ಚಿನ ಬಗೆ. ಈ ಕೊನೆಯ ಮೂರರ ಮೇಲೆ ಕಣ್ಣಿಡಿ. 002, 003 ಕಂಡರೆ ಸಂಬಳ. 386 ಕಂಡರೆ ನಿರ್ಮಾಣ. 059 ಕಂಡರೆ 'ಇತರೆ ವೆಚ್ಚಗಳು'. ಒಂದು ಯೋಜನೆಯ ದುಡ್ಡೆಲ್ಲ 059ರಲ್ಲೇ ಕೂತಿದ್ದರೆ, ಅದರಲ್ಲಿ ಆನೆ ತಡೆಯುವ ಕಂದಕಕ್ಕೆಷ್ಟು, ಕಾವಲುಗಾರರ ಕೂಲಿಗೆಷ್ಟು, ವಾಹನಕ್ಕೆಷ್ಟು ಎಂದು ಸಂಪುಟ ಬಾಯಿಬಿಡುವುದಿಲ್ಲ. ಈ ಸಂಪುಟಗಳ ದೊಡ್ಡ ಕೊರತೆ ಇದೇ.

ಇನ್ನು ಕಂಬಸಾಲುಗಳು. ಹಿಂದಿನ ವರ್ಷದ ಲೆಕ್ಕ (ನಿಜವಾಗಿ ಖರ್ಚಾದದ್ದು), ಚಾಲ್ತಿ ವರ್ಷದ ಆಯವ್ಯಯ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಮೊತ್ತ ಲಕ್ಷಗಳಲ್ಲಿ, ಕೋಟಿ ಬೇಕಾದರೆ ನೂರರಿಂದ ಭಾಗಿಸಿ. ಪತ್ರಿಕೆಗಳು ಹೋಲಿಸುವುದು ಅಂದಾಜಿಗೆ ಅಂದಾಜನ್ನು. ಉದಾಹರಣೆಗೆ, ಒಂದು ಶೀರ್ಷಿಕೆಗೆ 100 ಕೋಟಿ ಅಂದಾಜಿದ್ದು, ಪರಿಷ್ಕೃತದಲ್ಲಿ 60ಕ್ಕೆ ಇಳಿದು, ಮುಂದಿನ ವರ್ಷಕ್ಕೆ 90 ಇಟ್ಟರು ಅನ್ನಿ. ಒಬ್ಬರು '10 ಕೋಟಿ ಕಡಿತ' ಎನ್ನುತ್ತಾರೆ, ಇನ್ನೊಬ್ಬರು '30 ಕೋಟಿ ಏರಿಕೆ' ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೋಡಬೇಕಾದ್ದು 'ಲೆಕ್ಕ' ಎಂಬ ಕಂಬಸಾಲನ್ನು. ಅದು ಬಜೆಟ್ ವರ್ಷಕ್ಕಿಂತ ಎರಡು ವರ್ಷ ಹಿಂದಿನದು ಎಂಬುದೇ ಬೇಸರದ ಸಂಗತಿ.

ವರ್ಷ ಆರಿಸುವಾಗಲೂ ಎಚ್ಚರ ಬೇಕು. 2023-24ಕ್ಕೆ ಎರಡು ಬಜೆಟ್ ಮಂಡನೆಯಾದವು: ಫೆಬ್ರವರಿ 17ರಂದು ಒಂದು, ಚುನಾವಣೆಯ ನಂತರ ಜುಲೈ 7ರಂದು ಇನ್ನೊಂದು. 2018-19ರಲ್ಲೂ ಹೀಗೇ ಆಗಿತ್ತು. ಇಂಥ ವರ್ಷಗಳಿಗೆ ಜುಲೈ ಕಡತವನ್ನೇ ಹಿಡಿಯಿರಿ. ಜೊತೆಗೆ ಪೂರಕ ಅಂದಾಜಿನ (ವರ್ಷದ ನಡುವೆ ಹೆಚ್ಚುವರಿಯಾಗಿ ಕೇಳುವ ಹಣದ) ಕಂತುಗಳನ್ನೂ ಇಳಿಸಿಕೊಳ್ಳಿ, ಅವು ಮೂಲ ಸಂಪುಟದಲ್ಲಿ ಸೇರಿರುವುದಿಲ್ಲ.

ಮೊತ್ತ ಸರಿಯಾಗಿ ಸಿಕ್ಕಿತು ಎಂದುಕೊಳ್ಳೋಣ. ಆದರೂ ಸಂಪುಟ ಹೇಳದ ಒಂದು ವಿಷಯವಿದೆ: ದುಡ್ಡು ಯಾವ ತಿಂಗಳು ಕೈಗೆ ಬರುತ್ತದೆ ಎಂಬುದು. ಕಾಡಿಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ ಹೊಂದುವುದೇ ಇಲ್ಲ. ಬೆಂಕಿಯ ಕಾಲ ಫೆಬ್ರವರಿಯಿಂದ ಮೇ ತನಕ. ಬೆಂಕಿ ಹರಡದಂತೆ ಬಿಡುವ ಖಾಲಿ ಪಟ್ಟಿಯನ್ನು, ಅಂದರೆ ಬೆಂಕಿ ರೇಖೆಯನ್ನು, ಅದಕ್ಕೂ ಮುಂಚೆ ಸವರಿ ಸುಟ್ಟಿರಬೇಕು. ಬೆಂಕಿ ಕಾವಲುಗಾರರ ಫೆಬ್ರವರಿ, ಮಾರ್ಚ್ ಕೂಲಿ ಒಂದು ಬಜೆಟ್ಟಿನಿಂದ, ಏಪ್ರಿಲ್, ಮೇ ಕೂಲಿ ಇನ್ನೊಂದರಿಂದ. ಹೊಸ ವರ್ಷದ ಮೊದಲ ಕಂತು ಬಿಡುಗಡೆಯಾಗುವುದು ಏಪ್ರಿಲ್ 1ಕ್ಕೇ ಅಲ್ಲವಲ್ಲ. ಕಾಡು ಒಣಗಿ ನಿಂತಿರುವ ಹೊತ್ತಿನಲ್ಲೇ ಕೂಲಿ ತಡವಾಗುವುದಕ್ಕೆ ಕಾರಣ ಇದು. ಮೊತ್ತ ಹೆಚ್ಚಿಸಿದರೆ ಈ ತೊಂದರೆ ತೀರುವುದಿಲ್ಲ, ಮೊದಲ ಕಂತು ಇನ್ನೂ ಬೇಗ ಬರಬೇಕು.

ಗಿಡ ನೆಡುವುದೂ ಹಾಗೇ. ಜೂನ್, ಜುಲೈ ಮಳೆಗೆ ಗಿಡ ನೆಲ ಸೇರಬೇಕಾದರೆ ಗುಂಡಿ ಬೇಸಿಗೆಯಲ್ಲೇ ಆಗಿರಬೇಕು, ಸಸಿ ಹಿಂದಿನ ವರ್ಷವೇ ನರ್ಸರಿಯಲ್ಲಿ ಬೆಳೆದಿರಬೇಕು. ಎತ್ತರದ ಸಸಿಯಾದರೆ ಇನ್ನೂ ಮುಂಚೆ. ಅಂದರೆ ಒಂದು ನೆಡುತೋಪಿಗೆ ಮುಂಗಡ ಕಾಮಗಾರಿಯ ವರ್ಷ, ನೆಡುವ ವರ್ಷ, ಆಮೇಲೆ ನಿರ್ವಹಣೆಯ ವರ್ಷಗಳು ಎಂದು ಸಾಲು ಬಜೆಟ್ ಬೇಕು. 'ಇಷ್ಟು ಲಕ್ಷ ಸಸಿ ನೆಡುತ್ತೇವೆ' ಎಂಬ ಘೋಷಣೆ ಓದಿದಾಗ ಹಿಂದಿನ ವರ್ಷದ ಮುಂಗಡ ಕಾಮಗಾರಿಗೂ ಮುಂದಿನ ವರ್ಷದ ನಿರ್ವಹಣೆಗೂ ದುಡ್ಡಿದೆಯೇ ಎಂದು ನೋಡಿ. ಎರಡನೆಯದು ಇಲ್ಲದಿದ್ದರೆ ಕಳೆ ಕೀಳುವವರಿಲ್ಲದೆ, ದನ ತಡೆಯುವವರಿಲ್ಲದೆ ಆ ಸಸಿಗಳು ಮರುವರ್ಷದ ಬೇಸಿಗೆ ದಾಟುವುದು ಕಷ್ಟ.

ಪ್ರವಾಸೋದ್ಯಮದ ಕಾಮಗಾರಿಗೆ ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ಕ್ರಿಯಾ ಯೋಜನೆಗೆ ಅನುಮೋದನೆ, ಅಂದಾಜುಪಟ್ಟಿ, ಟೆಂಡರ್ ಎಂದು ಮಳೆಗಾಲದಲ್ಲಿ ಕಾಗದದ ಕೆಲಸ ಮುಗಿಸಿಕೊಂಡವರು ಅಕ್ಟೋಬರ್‌ನಲ್ಲಿ ಕೆಲಸ ಹಿಡಿಯುತ್ತಾರೆ. ಮುಗಿಸದವರ ದುಡ್ಡು ಮಾರ್ಚ್‌ಗೆ ಬಂದು ನಿಲ್ಲುತ್ತದೆ. ವಾಪಸು ಹೋಗದಿರಲಿ ಎಂದು ಅದನ್ನು ಕಾಮಗಾರಿ ಸಂಸ್ಥೆಗೆ ಠೇವಣಿಯಾಗಿಯೋ, ಅಧಿಕಾರಿಯ ಹುದ್ದೆಯ ಹೆಸರಿನಲ್ಲಿ ಖಜಾನೆಯಲ್ಲಿರುವ ವೈಯಕ್ತಿಕ ಠೇವಣಿ ಖಾತೆಗೋ ಹಾಕಿದರೆ ಬಜೆಟ್ ಪುಸ್ತಕದಲ್ಲಿ 'ಖರ್ಚಾಯಿತು' ಎಂದೇ ದಾಖಲಾಗುತ್ತದೆ, ಸ್ಥಳದಲ್ಲಿ ಒಂದು ಕಲ್ಲೂ ಇಟ್ಟಿರದಿದ್ದರೂ. ಹಾಗಾಗಿ ನೂರಕ್ಕೆ ನೂರು ಖರ್ಚು ತೋರಿಸುವ 5452ರ ಸಾಲು ಕಂಡರೆ ಖುಷಿಪಡುವ ಮುನ್ನ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಧನವಿನಿಯೋಗ ಲೆಕ್ಕಗಳನ್ನು (ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ವರದಿಯನ್ನು) ತೆರೆಯಿರಿ. ಉಳಿತಾಯ, ಹೆಚ್ಚಳ, ಅವಕ್ಕೆ ಇಲಾಖೆ ಕೊಟ್ಟ ಕಾರಣ ಎಲ್ಲವೂ ಶೀರ್ಷಿಕೆವಾರು ಅಲ್ಲಿರುತ್ತದೆ. ಕಾರಣದ ಜಾಗದಲ್ಲಿ ಕಾರಣ ನೀಡಿಲ್ಲ ಎಂಬ ಮಾತು ಕಂಡರೆ ಅದೂ ಒಂದು ಮಾಹಿತಿಯೇ.

ಸಂಪುಟದ ಆಚೆಗಿರುವ ಗಂಟುಗಳಲ್ಲಿ ಮೊದಲನೆಯದು ಹುಲಿ ಸಂರಕ್ಷಣಾ ಪ್ರತಿಷ್ಠಾನ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿದ 38ಎಕ್ಸ್ ಕಲಮಿನಡಿ ಪ್ರತಿ ಹುಲಿ ಮೀಸಲಿಗೂ ಇಂಥದೊಂದು ಇರುತ್ತದೆ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನಬೆಟ್ಟ, ಐದಕ್ಕೂ ಇವೆ. ಪ್ರವಾಸಿಗರು ಕೊಡುವ ಪ್ರವೇಶ ಶುಲ್ಕದಂಥ ಆದಾಯ ಅಲ್ಲೇ ಉಳಿದು ಅಲ್ಲೇ ಖರ್ಚಾಗಲಿ ಎಂಬುದು ಈ ಏರ್ಪಾಡಿನ ಉದ್ದೇಶ. ಏರ್ಪಾಡು ಒಳ್ಳೆಯದೇ. ಆದರೆ 0406ರ ಜಮೆ ನೋಡಿ 'ಸಫಾರಿಯಿಂದ ಇಷ್ಟೇ ಬಂತಾ' ಎಂದು ಲೇಖನ ಬರೆದರೆ ತಪ್ಪಾಗುತ್ತದೆ. ಮೃಗಾಲಯ ಪ್ರಾಧಿಕಾರ, ಜಂಗಲ್ ಲಾಡ್ಜಸ್, ಕೆಎಸ್‌ಟಿಡಿಸಿ (ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ), ಮಾಲಿನ್ಯ ನಿಯಂತ್ರಣ ಮಂಡಳಿ ಇವುಗಳ ಲೆಕ್ಕವೂ ಪ್ರತ್ಯೇಕ. ಅವುಗಳ ವಾರ್ಷಿಕ ವರದಿಗಳನ್ನೇ ಕೇಳಬೇಕು.

ಎರಡನೆಯದು ಕ್ಯಾಂಪಾ, ಅಂದರೆ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಪರಿಹಾರವಾಗಿ ಕಟ್ಟುವ ಹಣದ ನಿಧಿ. ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ 2016ರದ್ದು; ಸಂಗ್ರಹದ ಶೇ 90 ರಾಜ್ಯಕ್ಕೆ, ಶೇ 10 ಕೇಂದ್ರಕ್ಕೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ರಾಜ್ಯಗಳಿಗೆ 47 ಸಾವಿರ ಕೋಟಿಗೂ ಹೆಚ್ಚು ವರ್ಗಾಯಿಸಿದಾಗ ಕರ್ನಾಟಕದ ಪಾಲು ಸುಮಾರು 1,350 ಕೋಟಿ. ಈ ನಿಧಿ ಇರುವುದು ಸಾರ್ವಜನಿಕ ಲೆಕ್ಕದಲ್ಲಿ (ಸರ್ಕಾರ ನಿಧಿ, ಠೇವಣಿಗಳನ್ನು ಪ್ರತ್ಯೇಕವಾಗಿ ಇಡುವ ಲೆಕ್ಕ), ಅಂದರೆ 8ರಿಂದ ಶುರುವಾಗುವ ಶೀರ್ಷಿಕೆಯಲ್ಲಿ. ಇಲ್ಲಿ ಎಡವುವವರು ಬಹಳ: ನಿಧಿಗೆ ವರ್ಗಾಯಿಸಿದ್ದೂ ಒಂದು ಸಾಲು, ನಿಧಿಯಿಂದ ತೆಗೆದು ಖರ್ಚು ಮಾಡಿದ್ದೂ ಇನ್ನೊಂದು ಸಾಲು. 'ಕಳೆಯಿರಿ' ಎಂಬ ಋಣ ಮೊತ್ತದ ಸಾಲನ್ನು ಬಿಟ್ಟು ಕೂಡಿದರೆ ಒಂದೇ ರೂಪಾಯಿ ಎರಡು ಸಲ ಎಣಿಕೆಯಾಗುತ್ತದೆ.

ಸಾಮಾಜಿಕ ಅರಣ್ಯದ ಪಾಲು ಜಿಲ್ಲಾ ಪಂಚಾಯತಿಯ ಲಿಂಕ್ ಡಾಕ್ಯುಮೆಂಟಿನಲ್ಲಿದೆ (ಜಿಲ್ಲೆಗಳಿಗೆ ಹಂಚುವ ಹಣದ ಬೇರೆ ಪುಸ್ತಕ). ತಾಣಕ್ಕೆ ಹೋಗುವ ರಸ್ತೆ ಲೋಕೋಪಯೋಗಿಯದ್ದಾದರೆ ದುಡ್ಡು 5054ರಲ್ಲಿ, ಕೆರೆ ಸಣ್ಣ ನೀರಾವರಿಯದ್ದಾದರೆ 4702ರಲ್ಲಿ. ಒಡಿಶಾ, ಬಿಹಾರ, ಕೇರಳಗಳು ಇಂಥ ಚದುರಿದ ಸಾಲುಗಳನ್ನು ಒಟ್ಟುಮಾಡಿ ಹವಾಮಾನ ಅಥವಾ ಪರಿಸರ ಬಜೆಟ್ ಎಂಬ ಬೇರೆ ಪುಸ್ತಕವನ್ನೇ ತಂದಿವೆ. ಕರ್ನಾಟಕ 2022-23ರ ಭಾಷಣದಲ್ಲಿ ಪರಿಸರ ನಷ್ಟ ತುಂಬಿಕೊಡಲು 100 ಕೋಟಿ ಘೋಷಿಸಿತ್ತು. ಬೇಕಿರುವುದು ಒಂದು ಮೊತ್ತವಲ್ಲ, ಆ ಬಗೆಯ ಪುಸ್ತಕ.

ಇಲಾಖೆಯ ಒಟ್ಟು ಲೆಕ್ಕಕ್ಕೆ ಐದಕ್ಕೆ ನಾಲ್ಕು ಅಂಕ, ಊರಿನ ಲೆಕ್ಕಕ್ಕೆ ಒಂದು. ಆ ಒಂದನ್ನು ಹೆಚ್ಚಿಸಿಕೊಳ್ಳುವ ದಾರಿ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ಎಷ್ಟು ಖರ್ಚಾಗಿದೆ' ಎಂದು ಕೇಳಿದರೆ ಒಂದು ಮೊತ್ತ ಬರೆದು ಕಳಿಸುತ್ತಾರೆ. ಅದರ ಬದಲು ಲೆಕ್ಕಶೀರ್ಷಿಕೆ ಮತ್ತು ವರ್ಷ ನಮೂದಿಸಿ, ಆ ತಾಣದ ಅನುಮೋದಿತ ಕ್ರಿಯಾ ಯೋಜನೆ, ಆಡಳಿತಾತ್ಮಕ ಅನುಮೋದನೆಯ ಆದೇಶ, ಬಳಕೆ ಪ್ರಮಾಣಪತ್ರ (ಹಣ ಉದ್ದೇಶಿತ ಕೆಲಸಕ್ಕೇ ಬಳಕೆಯಾಯಿತು ಎಂಬ ದೃಢೀಕರಣ) ಮತ್ತು ಅಳತೆ ಪುಸ್ತಕದ ಪ್ರತಿ ಎಂದು ಕೇಳಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆದಿರುತ್ತದೆ. ಟೇಪು ಹಿಡಿದು ಹೋಗಿ ತಾಳೆ ನೋಡಬಹುದು.