ಹಳೆಯ ಸ್ಪೀಡ್ ಬೋಟಿನ ಇಂಜಿನ್ ರಿಪೇರಿಗೆ ಕೊಡುವವರು ಇದನ್ನು ಓದಿ

ಹುಬ್ಬಳ್ಳಿಯ ಒಂದು ಇಂಜಿನ್ ವರ್ಕ್‌ಶಾಪಿನವರು ನನ್ನ ಬೋಟಿನ ಎರಡೂ ಪೆಟ್ರೋಲ್ ಇಂಜಿನ್‌ಗಳಿಗೆ ಕಾರಿನ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಕೂರಿಸಿ, ಅವನ್ನು ಮರೈನ್ (ಬೋಟಿಗೆಂದೇ ಮಾಡಿದ) ಸಾಮಾನು ಎಂದು ಬಿಲ್ ಮಾಡಿ, ಇನ್ನು ನೀರಿಗೆ ಇಳಿಸಬಹುದು ಎಂದು ಒಪ್ಪಿಸಿದರು. ಹಣ ಹೋದ ಸಿಟ್ಟು ಒಂದು ಕಡೆ ಇರಲಿ. ಆ ಬೋಟಿನಲ್ಲಿ ನನ್ನ ಅಕ್ಕನ ಮಕ್ಕಳು ಕೂಡುವವರಿದ್ದರು.

ಬೋಟು 1980ರ ದಶಕದ್ದು, ಅಮೆರಿಕದಲ್ಲಿ ತಯಾರಾದ ಫೈಬರ್‌ಗ್ಲಾಸ್ ಸ್ಪೀಡ್ ಬೋಟು. ನಾನೂ ನಮ್ಮ ಭಾವನವರೂ ಸೇರಿ ಗೋವಾದಲ್ಲಿ ಕೊಂಡೆವು. ಒಳಗೆ ಬೋಟ್ ಇಂಜಿನ್ ಕಂಪನಿ ಮರ್ಕ್ರೂಸರ್‌ನ 5.7 ಲೀಟರಿನ ಎರಡು ವಿ8 ಇಂಜಿನ್‌ಗಳಿವೆ; ಬ್ಲಾಕು ಮೂಲತಃ ಷೆವರ್ಲೆಯದು, ಅಮೆರಿಕದ ರಸ್ತೆಗಳಲ್ಲಿ ಲಕ್ಷಗಟ್ಟಲೆ ಗಾಡಿಗಳಲ್ಲಿ ಓಡಿದ್ದು. ವರ್ಕ್‌ಶಾಪಿನ ಮಾಲಕರು ಮೊದಲ ದಿನವೇ ಹಿಡಿದುಕೊಂಡದ್ದು ಇದನ್ನೇ. "ಇಂಜಿನ್ ಅಂದ್ರ ಇಂಜಿನ್ನ ರೀ ಸರ. ಗಾಡ್ಯಾಗಿದ್ರೇನು, ಬೋಟಿನಾಗಿದ್ರೇನು, ಪಿಸ್ಟನ್ ಮ್ಯಾಲ ಕೆಳಗ ಆಡೂದು ಒಂದ" ಎಂದರು. ಗೋಕುಲ ರಸ್ತೆ, ತಾರಿಹಾಳಗಳಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಲೇಥ್ ಕೆಲಸದಲ್ಲಿ ಪಳಗಿದ ಕೈಗಳು ಎಷ್ಟೋ ಇವೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಹಾಗಾಗಿ ಆ ಮಾತು ಆಗ ಧೈರ್ಯದ ಮಾತಿನಂತೆಯೇ ಕೇಳಿಸಿತು. ಬೋಟಿಗೆ ಬೇಕಾದ ಸಾಮಾನನ್ನು ಮುಂಬೈಯಿಂದ ತರಿಸುವುದು, ಪ್ರತಿ ಸಿಲಿಂಡರಿನ ಕಂಪ್ರೆಶನ್ (ಒಳಗೆ ಏರುವ ಒತ್ತಡ) ಅಳೆದು ಬರೆದು ಕೊಡುವುದು, ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳನ್ನು ಬದಲಿಸುವುದು ಎಂದು ಮಾತಾಯಿತು. ಮುಂಗಡವಾಗಿ 2.5 ಲಕ್ಷ ರೂಪಾಯಿ ಕೊಟ್ಟೆ. ರಸೀದಿ ಇದೆ.

ಮೊದಲು ಬಂದದ್ದು ಕಂಪ್ರೆಶನ್ ಚೀಟಿ. ಎರಡು ಇಂಜಿನ್, ಒಟ್ಟು 16 ಸಿಲಿಂಡರು, ಹದಿನಾರಕ್ಕೂ 150 ಪಿಎಸ್‌ಐ ಒತ್ತಡ. ಒಂದಂಕಿಯೂ ಅತ್ತಿತ್ತ ಇಲ್ಲ. ಹೊಸ ಇಂಜಿನ್ನಿನಲ್ಲೂ ಇಷ್ಟು ಶಿಸ್ತು ಕಾಣುವುದಿಲ್ಲ. ಉಪ್ಪುನೀರು ಕುಡಿದ ನಲವತ್ತು ವರ್ಷದ ಆಸುಪಾಸಿನ ಇಂಜಿನ್ನಿನಲ್ಲಿ ಎಲ್ಲಿಂದ ಬರಬೇಕು? ಕೇಳಿದ್ದಕ್ಕೆ "ನಮ್ಮ ಕೆಲಸ ಹಂಗ ಇರ್ತೈತಿ ಸರ, ಎಲ್ಲಾ ಸಮ" ಎಂದು ನಕ್ಕರು.

ಆಮೇಲೆ ವಾಟ್ಸ್ಆ್ಯಪಿನಲ್ಲಿ ಎರಡು ವಿಡಿಯೊ ಬಂದವು. ಒಂದು ಎಡ ಇಂಜಿನ್ ಸ್ಟಾರ್ಟ್ ಆಗಿದ್ದು, ಇನ್ನೊಂದು ಬಲ ಇಂಜಿನ್ ಸ್ಟಾರ್ಟ್ ಆಗಿದ್ದು. ವಿ8 ಇಂಜಿನ್ನಿನ ಆ ಗುಡುಗು ಕೇಳಿದವರಿಗೆ ನನ್ನ ಸಂತೋಷ ಅರ್ಥವಾದೀತು. ಮನೆಯ ಗ್ರೂಪಿಗೆ ಕಳಿಸಿದೆ, ಭಾವನವರಿಗೆ ಫೋನ್ ಮಾಡಿದೆ, ಸಂಜೆ ವರ್ಕ್‌ಶಾಪಿನ ಹುಡುಗರಿಗೆ ಒಂದು ಕಿಲೋ ಪೇಡೆ ಒಯ್ದು ಕೊಟ್ಟೆ. ಈಗ ಬೇರೆಲ್ಲಕ್ಕಿಂತ ಆ ಪೇಡೆಯೇ ಹೆಚ್ಚು ಉರಿಸುತ್ತದೆ.

ರಾತ್ರಿ ಊಟವಾದ ಮೇಲೆ ಮತ್ತೊಮ್ಮೆ ನೋಡಲು ಕುಳಿತೆ. ನಮ್ಮ ಕಡೆ ಪಂಪ್‌ಸೆಟ್ ಮೋಟರನ್ನು ರಿವೈಂಡಿಂಗಿಗೆ ಕೊಡುವಾಗಲೂ ಗುರುತು ಹಾಕಿಯೇ ಕೊಡುತ್ತಾರೆ. ನಾನೂ ಇಂಜಿನ್‌ಗಳ ಮುಂದಿನ ಬ್ರ್ಯಾಕೆಟ್ಟಿನ ಮೇಲೆ ಸೆಂಟರ್ ಪಂಚಿನಿಂದ ಎಡದ್ದಕ್ಕೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಹೊಡೆದಿದ್ದೆ. ಬಲ ಇಂಜಿನ್ನಿನ ವಿಡಿಯೊದಲ್ಲಿ ಎರಡು ಚುಕ್ಕೆ ಇದ್ದವು. ಎಡ ಇಂಜಿನ್ ಎಂದು ಕಳಿಸಿದ ವಿಡಿಯೊದಲ್ಲಿಯೂ ಎರಡೇ ಚುಕ್ಕೆ ಇದ್ದವು. ನಿಲ್ಲಿಸಿ, ಹಿಂದೆ ಹೋಗಿ, ದೊಡ್ಡದು ಮಾಡಿ ನೋಡಿದೆ. ಎರಡೇ. ಒಂದೇ ಇಂಜಿನ್ನನ್ನು ಎರಡು ಕಡೆಯಿಂದ ಶೂಟ್ ಮಾಡಿ, ಎರಡು ಇಂಜಿನ್ ರೆಡಿಯಾಗಿವೆ ಎಂದು ನನಗೆ ತೋರಿಸಿದ್ದರು! ಆ ಕ್ಷಣದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ, ಏಕೆಂದರೆ ಗ್ರೂಪಿನಲ್ಲಿ ಅಭಿನಂದನೆಗಳು ಇನ್ನೂ ಬರುತ್ತಲೇ ಇದ್ದವು.

ಅಷ್ಟೇ ಆಗಿದ್ದರೆ ಮೋಸ ಎಂದು ಸುಮ್ಮನಾಗಬಹುದಿತ್ತು. ವಿಡಿಯೊದ ಕೊನೆಯಲ್ಲಿ ಕ್ಯಾಮರಾ ಹಿಂದಕ್ಕೆ ತಿರುಗಿದಾಗ ಡ್ರೈವಿಗೆ (ಬೋಟಿನ ಹಿಂದೆ ಪ್ರೊಪೆಲ್ಲರ್ ಇರುವ ಭಾಗಕ್ಕೆ) ನೀರಿನ ಪೈಪ್ ಹಚ್ಚಿರಲೇ ಇಲ್ಲ, ಕೆಳಗಿನ ನೆಲವೂ ಒಣಗಿತ್ತು. ಈ ಇಂಜಿನ್‌ಗಳಿಗೆ ರೇಡಿಯೇಟರ್ ಇರುವುದಿಲ್ಲ. ಹೊರಗಿನ ನೀರನ್ನೇ ಎಳೆದುಕೊಂಡು ತಣ್ಣಗಾಗಿ, ಆ ನೀರನ್ನು ಹೊಗೆಯ ಜೊತೆ ಹಿಂದಿನಿಂದ ಹೊರಗೆ ಚೆಲ್ಲುತ್ತವೆ. ಟ್ರೇಲರ್ ಮೇಲೆ ಓಡಿಸಬೇಕಾದರೆ ಡ್ರೈವಿನ ನೀರಿನ ಬಾಯಿಗೆ ರಬ್ಬರ್ ಕಪ್ ಕೂರಿಸಿ ಪೈಪಿನಿಂದ ನೀರು ಕೊಡಲೇಬೇಕು. ನೀರಿಲ್ಲದೆ ಓಡಿಸಿದರೆ ಪಂಪಿನೊಳಗೆ ನೀರೆಳೆಯುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ನೋಡನೋಡುತ್ತಲೇ ಸುಟ್ಟು ಹರಿದುಹೋಗುತ್ತದೆ, ಅದರ ಚೂರುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಐದು ನಿಮಿಷ ಅಷ್ಟ ಓಡಿಸೇವಿ ಸರ, ಏನೂ ಆಗಂಗಿಲ್ಲ." ಐದು ನಿಮಿಷವಂತೆ! ಎರಡು ಚುಕ್ಕೆಯ ವಿಷಯಕ್ಕೆ "ಹುಡುಗ ತಪ್ಪು ವಿಡಿಯೊ ಹಾಕ್ಯಾನ" ಎಂದರು. ಸರಿಯಾದ ವಿಡಿಯೊ ಇಂದಿಗೂ ಬಂದಿಲ್ಲ.

ಬೋಟನ್ನು ಅಲ್ಲಿಂದ ಬಿಡಿಸಿಕೊಂಡು ಕಾರವಾರಕ್ಕೆ ಒಯ್ದು, ಬೋಟಿನ ಇಂಜಿನ್‌ಗಳಲ್ಲಿಯೇ ಕೂದಲು ಹಣ್ಣಾದ ಒಬ್ಬ ಹಿರಿಯ ಮೆಕ್ಯಾನಿಕ್ಕರಿಗೆ ತೋರಿಸಿದೆ. ಅವರು ಮುಚ್ಚಳ ಎತ್ತಿ ನೋಡಿದವರೇ ಮೊದಲು ಬ್ಯಾಟರಿ ತಂತಿಯನ್ನು ಬಿಚ್ಚಿದರು. ಕಾರಣ ಹೇಳಿದ ಮೇಲೆ ನನ್ನ ಕೈಕಾಲು ತಣ್ಣಗಾದವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ಅದು ಕೆಳಗೆ ಇಳಿದು ರಸ್ತೆಯ ಪಾಲಾಗುತ್ತದೆ. ಬೋಟಿನಲ್ಲಿ ಇಳಿದು ಹೋಗಲು ಜಾಗವಿಲ್ಲದೆ ಇಂಜಿನ್ನಿನ ಬುಡದಲ್ಲಿಯೇ ನಿಲ್ಲುತ್ತದೆ. ಕಾರಿನ ಆಲ್ಟರ್ನೇಟರಿನೊಳಗೆ ಕಿಡಿ ಹಾರಿದರೆ ಅದನ್ನು ಒಳಗೇ ತಡೆಯುವ ಏರ್ಪಾಡಿಲ್ಲ. ಮರೈನ್ ಆಲ್ಟರ್ನೇಟರ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳು ಬೇರೆಯಾಗಿ ಇರುವುದೇ ಆ ಕಿಡಿ ಹೊರಗಿನ ಆವಿಗೆ ತಾಗಬಾರದೆಂದು, ಅಂಥವುಗಳ ಮೇಲೆ ಸಾಮಾನ್ಯವಾಗಿ ಎಸ್‌ಎಇ ಜೆ1171 ಎಂಬ ಗುರುತು ಇರುತ್ತದೆ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ (ಇಂಜಿನ್ ಕೋಣೆಯ ಆವಿಯನ್ನು ಹೊರಗೆ ಎಳೆಯುವ ಫ್ಯಾನ್) ಹಾಕಬೇಕೆಂಬ ನಿಯಮವೂ ಇದೇ ಭಯದಿಂದ ಬಂದದ್ದು. ಕಾರ್ಬ್ಯುರೇಟರಿನ ಮೇಲೆ ಇರಬೇಕಾದ, ಬೆಂಕಿ ಹೊರಗೆ ಹಾರದಂತೆ ತಡೆಯುವ ಫ್ಲೇಮ್ ಅರೆಸ್ಟರನ್ನೂ ಇವರು ತೆಗೆದು, ಯಾವುದೋ ಗಾಡಿಯ ಏರ್ ಫಿಲ್ಟರ್ ಹಾಕಿದ್ದರು. ಮ್ಯಾನಿಫೋಲ್ಡ್‌ಗಳು ಹಳೆಯವೇ, ತುಕ್ಕನ್ನು ಉಜ್ಜಿ ಬೆಳ್ಳಿ ಬಣ್ಣ ಬಳಿದಿದ್ದರು, ಉಗುರಿನಿಂದ ಕೆರೆದರೆ ಪದರು ಏಳುತ್ತಿತ್ತು. ಅವು ಒಳಗಿನಿಂದ ತೂತಾದರೆ ನೀರು ನೇರವಾಗಿ ಸಿಲಿಂಡರಿಗೆ ಬರುತ್ತದೆ, ಆಮೇಲೆ ಇಂಜಿನ್ ಗುಜರಿಗೆ. ಟ್ರಾನ್ಸಮ್ (ಬೋಟಿನ ಹಿಂಬದಿಯ ಗೋಡೆ) ಪ್ಲೈವುಡ್ಡಿನ ಕೊಳೆತ ಭಾಗಕ್ಕೆ ಕಾರಿನ ಪುಟ್ಟಿ ಮೆತ್ತಿದ್ದನ್ನು ಇಲ್ಲಿ ವಿವರಿಸುವುದಿಲ್ಲ, ಬರೆದರೆ ರಕ್ತದೊತ್ತಡ ಏರುತ್ತದೆ.

ಮಾಲಕರ ಉತ್ತರಗಳನ್ನು ಮಾತ್ರ ಕ್ರಮವಾಗಿ ಕೇಳಿ. ಆಲ್ಟರ್ನೇಟರಿನ ಮೇಲೆ ಗುರುತು ಏಕಿಲ್ಲ ಎಂದರೆ "ಪೇಂಟ್ ಹೊಡಿಯೂ ಮುಂದ ಲೇಬಲ್ ಹೋಗೇತಿ." ಮುಂಬೈಯ ಬಿಲ್ ತೋರಿಸಿ ಎಂದರೆ "ಅದು ಆ ಪಾರ್ಟಿ ಕಡೆ ಐತ್ರಿ." ನನ್ನ ಹಳೆಯ ಸಾಮಾನನ್ನಾದರೂ ಕೊಡಿ ಎಂದರೆ "ಗುಜರಿಗೆ ಹ್ವಾತು." ಸ್ಫೋಟವಾಗಿದ್ದರೆ ಯಾರು ಹೊಣೆ ಎಂದು ಕೇಳಿದ್ದಕ್ಕೆ "ನೀವು ಭಾಳ ಓದ್ತೀರಿ ಸರ, ಅದಕ್ಕ ನಿಮಗ ಸಂಶಯ." ಕಡೆಗೆ ಹಣ ವಾಪಸ್ ಕೇಳಿದಾಗ, ಬೋಟ್ ತಮ್ಮ ಶೆಡ್ಡಿನಲ್ಲಿ ನಿಂತಷ್ಟು ದಿನಕ್ಕೆ ಜಾಗದ ಬಾಡಿಗೆ ನಾನೇ ಬಾಕಿ ಇದ್ದೇನೆಂದು ಲೆಕ್ಕ ಕಳಿಸಿದರು. ಬಾಡಿಗೆ! ಅದಾದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ.

ನಿಮ್ಮ ಹತ್ತಿರ ಇಂಥ ಬೋಟ್ ಇದ್ದರೆ ಬ್ಲಾಕ್ ಬೋರಿಂಗನ್ನು ಬೇಕಾದರೆ ಹುಬ್ಬಳ್ಳಿಯಲ್ಲಿ ಮಾಡಿಸಿ, ಜೋಡಿಸುವ ಕೆಲಸವನ್ನು ಬೋಟು ಬಲ್ಲವರಿಗೇ ಕೊಡಿ. ಬಿಚ್ಚಿದ ಹಳೆಯ ಸಾಮಾನು ಕೈಗೆ ಬರುವ ತನಕ ಎರಡನೆಯ ಕಂತು ಬೇಡ. ಕಂಪ್ರೆಶನ್ ಅಳೆಯುವಾಗ ಎದುರಿಗೇ ನಿಲ್ಲಿ. ನಗುತ್ತಾ ಮಾತಾಡುವವರಿಗೆ ಪೇಡೆ ಒಯ್ಯಬೇಡಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ. ಬೋಟ್ ಸ್ವಂತ ಬಳಕೆಯದು, ದಂಧೆಗಲ್ಲ ಎಂಬುದಕ್ಕೆ ಕಾಗದವಿದೆ. ವಿಡಿಯೊಗಳೂ ಆ ಕಂಪ್ರೆಶನ್ ಚೀಟಿಯೂ ಇವೆ. ನನ್ನ ಮೂಲ ಆಲ್ಟರ್ನೇಟರ್‌ಗಳು ಗುಜರಿಗೆ ಹೋಗಿವೆ ಎಂಬುದನ್ನು ನಾನು ನಂಬುವುದಿಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರಾದರೂ ಹಳೆಯ ಮರೈನ್ ಆಲ್ಟರ್ನೇಟರ್ ಮಾರಲು ಬಂದರೆ ಅದರ ಹಿಂಬದಿಯ ಕವರಿನ ಅಂಚನ್ನು ನೋಡಿ: ಅಲ್ಲಿಯೂ ಒಂದರ ಮೇಲೆ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು ಚುಕ್ಕೆ ಹೊಡೆದಿದ್ದೇನೆ. ಕಂಡರೆ ದಯವಿಟ್ಟು ಫೋಟೊ ತೆಗೆದು ನನಗೆ ತಿಳಿಸಿ.