ನಾಲ್ಕು ವರ್ಷ ಕೊರಳಲ್ಲಿದ್ದ 8×42 ಬೈನಾಕ್ಯುಲರ್

ಹಕ್ಕಿ ನೋಡಲು ಈ ಬೈನಾಕ್ಯುಲರ್ ತಗೊಂಡು ನಾಲ್ಕು ವರ್ಷವಾಯಿತು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ಗಳಲ್ಲಿ. ಇದರಲ್ಲಿರುವ ಒಂದು ಸಣ್ಣ ರಿಂಗ್ ನನ್ನನ್ನು ಬಹಳ ಸತಾಯಿಸಿದೆ.

ಸಾಮಾನ್ಯವಾಗಿ ಬಲಗಣ್ಣಿನ ಕಡೆ ಡಯಾಪ್ಟರ್ ರಿಂಗ್ ಇರುತ್ತದೆ. ನಮ್ಮ ಎರಡೂ ಕಣ್ಣು ಒಂದೇ ಸಮ ಇರುವುದಿಲ್ಲ ಅಲ್ವಾ, ಆ ವ್ಯತ್ಯಾಸ ಸರಿದೂಗಿಸಲು. ನನ್ನದಕ್ಕೆ ಲಾಕ್ ಇಲ್ಲ. ಬ್ಯಾಗಿನಿಂದ ತೆಗೆಯುವಾಗ ಬಟ್ಟೆಗೆ ತಾಗಿದರೂ ಸಾಕು, ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಮೊದಲ ವರ್ಷ ಇದು ಗೊತ್ತೇ ಆಗಲಿಲ್ಲ. ಅರ್ಧ ಗಂಟೆ ನೋಡಿದರೆ ಹಣೆ ನೋವು. ಕನ್ನಡಕದ ನಂಬರ್ ಜಾಸ್ತಿ ಆಯ್ತೇನೋ ಎಂದು ಕಣ್ಣು ಪರೀಕ್ಷೆಯನ್ನೂ ಮಾಡಿಸಿದೆ. ನಂಬರ್ ಹಾಗೇ ಇತ್ತು.

ಒಂದು ಬೆಳಿಗ್ಗೆ ಮಿಂಚುಳ್ಳಿಯೊಂದು ಮೀನನ್ನು ಕೊಂಬೆಗೆ ಬಡಿಯುತ್ತಾ ಕೂತಿತ್ತು. ಸುಮ್ನೆ ಎಡಗಣ್ಣು ಮುಚ್ಚಿದೆ. ಹಕ್ಕಿ ಇದ್ದಲ್ಲಿ ಬರೀ ನೀಲಿ ಮಸುಕು! ರಿಂಗ್ ಸರಿ ಮಾಡುವಷ್ಟರಲ್ಲಿ ಅದು ಮೀನನ್ನು ತಲೆ ಕಡೆಯಿಂದ ನುಂಗಿ ಹಾರಿಹೋಯಿತು. ಬಹಳ ಬೇಜಾರಾಯಿತು.

ಅಂದಿನಿಂದ ಹೊರಟ ಕೂಡಲೇ ಒಂದು ಕೆಲಸ. ದೂರದ ಒಂದು ಎಲೆ ಹುಡುಕುತ್ತೇನೆ. ಬಲಗಡೆ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಎಲೆಯ ನರ ಸ್ಪಷ್ಟವಾಗಿ ಕಾಣುವಂತೆ ಮಾಡುತ್ತೇನೆ. ಆಮೇಲೆ ಎಡಗಡೆಗೆ ಅಂಗೈ. ಈಗ ಚಕ್ರ ಮುಟ್ಟಬಾರದು, ರಿಂಗ್ ಮಾತ್ರ. ಕಣ್ಣು ಕಿವುಚಬೇಡಿ, ಎರಡೂ ತೆರೆದೇ ಇರಲಿ. ಕೈ ತೆಗೆದಾಗ ಎಲೆ ಹಿಂದಿನ ಕೊಂಬೆಯಿಂದ ಬಿಡಿಸಿಕೊಂಡು ಎದ್ದು ನಿಲ್ಲುತ್ತದೆ. ರಿಂಗ್ ನಿಂತ ಜಾಗಕ್ಕೆ ಬಿಳಿ ಚುಕ್ಕಿ ಇಟ್ಟು, ಮೇಲೆ ಬಟ್ಟೆ ಟೇಪ್ ಸುತ್ತಿದ್ದೇನೆ.

10×42 ಯಾಕೆ ಬೇಡ ಅಂದರೆ, ನನ್ನ ಕೈ ನಡುಗುತ್ತದೆ, ಹತ್ತು ಪಟ್ಟಿನಲ್ಲಿ ಆ ನಡುಕವೂ ಹೆಚ್ಚು ಕಾಣುತ್ತದೆ. ಜೊತೆಗೆ ನಾನು ಹೋಗುವುದು ಬೆಳಕು ಹರಿಯುವ ಹೊತ್ತಿಗೆ. 42ನ್ನು 8ರಿಂದ ಭಾಗಿಸಿದರೆ 5.25, ಅಂದರೆ ಅಷ್ಟು ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರುತ್ತದೆ, 10ರಲ್ಲಿ ಬರೀ 4.2.

ಆದರೆ ಇದನ್ನು ಮಾರಲು ಮನಸ್ಸು ಬಾರದಿರುವುದಕ್ಕೆ ಕಾರಣ ಬೇರೆ. ಎರಡು ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ನನ್ನ ಕ್ಯಾಮೆರಾದ ಉದ್ದ ಲೆನ್ಸ್ ಅಷ್ಟು ಹತ್ತಿರ ಬರುವುದಿಲ್ಲ. ಒಮ್ಮೆ ಬೇಲಿಯ ಜೇಡರಬಲೆಯ ಮೇಲಿನ ಇಬ್ಬನಿ ನೋಡುತ್ತಿದ್ದೆ. ಹೆಣ್ಣು ಸೂರಕ್ಕಿಯೊಂದು ಅಲ್ಲಿಗೇ ಬಂತು. ರೆಕ್ಕೆ ಬಡಿಯುತ್ತಲೇ ಬಲೆಯ ಎಳೆ ಎಳೆಯಿತು. ಕೊಕ್ಕಿನ ತುದಿಗೆ ಬಿಳಿ ನೂಲು ಸುತ್ತಿಕೊಂಡಿತು. ಗೂಡು ಕಟ್ಟಲು ಅದನ್ನೇ ಬಳಸುತ್ತದೆ. ಫೋಟೊ ಸಿಗಲಿಲ್ಲ, ಅದಕ್ಕೆ ಬೇಸರವೂ ಇಲ್ಲ.

ಬಜೆಟ್ ಇದ್ದರೆ ಲಾಕ್ ಇರುವ ಮಾಡೆಲ್ಲೇ ತಗೊಳ್ಳಿ. ಇಲ್ಲದಿದ್ದರೆ ಟೇಪ್ ಸಾಕು. ಬಿಸಿಲಿಗೆ ಅಂಟು ಕರಗುತ್ತದೆ, ಆಗಾಗ ಬದಲಾಯಿಸುತ್ತಿರಬೇಕು.